ಮಗು ಓದ್ಬೇಕು ಅಂದ್ರೆ ಮನೇಲಿ ಯಾರಾದ್ರೂ ಓದ್ತಾ ಇರ್ಬೇಕು: ಅಪ್ಪ ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ನಮ್ಮಪ್ಪ ಜಾಲಹಳ್ಳಿ ಎಚ್‌ಎಂಟಿ ಫ್ಯಾಕ್ಟರೀಲಿ ಇದ್ರು. ಫಸ್ಟ್ ಶಿಫ್ಟ್ ಮುಗಿಸ್ಕೊಂಡು ಬಂದು, ಕೈಕಾಲು ತೊಳ್ಕೊಂಡು, ಕಾಫಿ ಲೋಟ ಕಿಟಕಿ ಕಟ್ಟೆ ಮೇಲಿಟ್ಟು ಸುಧಾ ಬಿಡಿಸಿದ್ರು ಅಂದ್ರೆ ಅರ್ಧ ಗಂಟೆ ಯಾರು ಕರೆದ್ರೂ ಬರೀ ಹೂಂ ಅಷ್ಟೇ. ಓದಿ ಮುಗಿಸಿದ್ಮೇಲೆ ಧಾರಾವಾಹಿ ಪುಟಗಳನ್ನ ಪಿನ್ ಬಿಚ್ಚಿ ಹುಷಾರಾಗಿ ತೆಗೆದು ಟ್ರಂಕಲ್ಲಿ ಇಡೋರು, ಕಥೆ ಮುಗಿದ್ಮೇಲೆ ಅಷ್ಟೂ ಕಂತು ಜೋಡಿಸಿ ದಬ್ಬಳದಲ್ಲಿ ತೂತು ಹಾಕಿ ದಾರ ಪೋಣಿಸಿ, ರಟ್ಟು ಇಟ್ಟು, ಮೇಲೆ ಬಟ್ಟೆ ಅಂಟಿಸಿ ಬೈಂಡ್ ಮಾಡೋರು. ಮೈದಾ ಅಂಟು ಹಚ್ಚೋ ಕೆಲಸ ನನ್ನದು. ಬೆರಳಿಗೆಲ್ಲಾ ಅಂಟು ಮೆತ್ಕೊಂಡು ಕೂತಿರ್ತಿದ್ದ ನಾನು ಒಣಗೋವರೆಗೂ ಕಾಯಕ್ಕಾಗದೆ ಒದ್ದೆ ರಟ್ಟು ಎತ್ತಿ ಒಳಗೆ ಏನಿದೆ ಅಂತ ಓದೋಕೆ ನೋಡ್ತಿದ್ದೆ. ಅಂಥ ಎಂಟು ಬೈಂಡ್ ಇವತ್ತಿಗೂ ನಮ್ಮನೇಲಿ ಇವೆ. ಅದ್ರಲ್ಲಿ ಒಂದರ ಕೊನೇ ಕಂತು ಮಾತ್ರ ಇಲ್ಲ, ಆ ವಾರ ಊರಿಗೆ ಮದುವೆಗೆ ಹೋಗಿದ್ವಿ, ವಾಪಸ್ ಬರೋಷ್ಟರಲ್ಲಿ ಅಂಗಡೀಲಿ ಖಾಲಿ.

ಓದು ಓದು ಅಂತ ಅಪ್ಪ ನನಗೆ ಹೇಳಿದ್ದು ಒಂದು ಸಲಾನೂ ನೆನಪಿಲ್ಲ.

ಈಗ ವಿದ್ಯಾರಣ್ಯಪುರದಲ್ಲಿ ನಮ್ಮ ಬೀದಿ ಪಾರ್ಕಲ್ಲಿ ಸಂಜೆ ಮಕ್ಕಳನ್ನ ಆಡೋಕೆ ಬಿಟ್ಟು ನಿಂತಾಗ ಅಮ್ಮಂದಿರು ಕೇಳೋ ಪ್ರಶ್ನೆ ಒಂದೇ, "ನಿಮ್ಮ ಮಗ ಅದೆಷ್ಟು ಚೆನ್ನಾಗಿ ಓದ್ತಾನೆ, ಯಾವ ಕ್ಲಾಸಿಗೆ ಹಾಕಿದೀರಾ?" ಯಾವ ಕ್ಲಾಸಿಗೂ ಹಾಕಿಲ್ಲ. ಅವನಿಗೀಗ 9 ವರ್ಷ, ಹುಟ್ಟಿದಾಗಿಂದ ನಮ್ಮನೇಲಿ ಏನೇನು ಮಾಡಿದ್ವಿ, ಏನು ಮಾಡಿ ಕೆಡಿಸ್ಕೊಂಡ್ವಿ, ಅದನ್ನೇ ಹಂತ ಹಂತವಾಗಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಒಂದೇ ಸಲಕ್ಕೆ ಎಲ್ಲಾ ಮಾಡೋಕೆ ಹೋಗ್ಬೇಡಿ.

ಮೊದಲು ಇದೊಂದು ತಿಳ್ಕೊಳ್ಳಿ

ನಾವು 'ಮಗು ಓದೋದು ಕಲೀಬೇಕು' ಅಂತ ಒಂದೇ ಮಾತಲ್ಲಿ ಹೇಳಿಬಿಡ್ತೀವಿ, ಆದ್ರೆ ಅದರೊಳಗೆ ಎರಡು ಬೇರೆ ಬೇರೆ ಕೆಲಸ ಇವೆ. ಒಂದು, ಅಕ್ಷರ ನೋಡಿ ಶಬ್ದ ಹೇಳೋದು. ಇನ್ನೊಂದು, ಹೇಳಿದ್ದರ ಅರ್ಥ ಮನಸ್ಸಿಗೆ ಇಳಿಯೋದು. ಕೆನಡಾದ ಮೋನಿಕ್ ಸೆನೆಶಲ್ ಮತ್ತು ಜೋ-ಆನ್ ಲೆಫೆವ್ರ್ ಅನ್ನೋ ಇಬ್ಬರು ಸಂಶೋಧಕಿಯರು 168 ಮಕ್ಕಳನ್ನ ಐದು ವರ್ಷ ಗಮನಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಅಪ್ಪ ಅಮ್ಮ ಕಥೆ ಪುಸ್ತಕ ಓದಿ ಹೇಳ್ತಿದ್ದ ಮನೆ ಮಕ್ಕಳಿಗೆ ಪದಗಳ ಪರಿಚಯ, ಕೇಳಿ ಅರ್ಥ ಮಾಡ್ಕೊಳ್ಳೋ ಶಕ್ತಿ ಜಾಸ್ತಿ ಇತ್ತು. ಅಕ್ಷರ ಹೇಳ್ಕೊಟ್ಟ ಮನೆ ಮಕ್ಕಳಿಗೆ ಅಕ್ಷರ ಬೇಗ ಬಂತು. ಒಂದು ಮಾಡಿದ್ರೆ ಇನ್ನೊಂದು ತಾನಾಗೇ ಬರಲಿಲ್ಲ. ಒಂದನೇ ಕ್ಲಾಸಲ್ಲಿ ಅಕ್ಷರದ ಲಾಭ ಎದ್ದು ಕಾಣುತ್ತೆ, ಆದ್ರೆ ಮೂರನೇ ಕ್ಲಾಸ್ ಹೊತ್ತಿಗೆ ಪಾಠ ಉದ್ದ ಆಗಿ ಅರ್ಥ ಮಾಡ್ಕೊಳ್ಳೋ ಕಾಲ ಬಂದಾಗ ಆ ಕಥೆ ಕೇಳಿದ್ದು ಕೈ ಹಿಡಿಯುತ್ತೆ.

ಬೆಂಗಳೂರಿನ ನಮ್ಮಂಥ ಮನೆಗಳಲ್ಲಿ ಮೊದಲನೇ ಕೆಲಸಕ್ಕೆ ಸ್ಕೂಲು, ಟ್ಯೂಷನ್ನು, ವರ್ಕ್‌ಶೀಟು ಎಲ್ಲಾ ಇದೆ. ಎರಡನೇದಕ್ಕೆ ಮನೆ ಬಿಟ್ಟರೆ ಬೇರೆ ಜಾಗ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

2010ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನ 27 ದೇಶದ್ದು. ಸುಮಾರು 500 ಪುಸ್ತಕ ಇರೋ ಮನೇಲಿ ಬೆಳೆದ ಮಕ್ಕಳು, ಪುಸ್ತಕಾನೇ ಇಲ್ಲದ ಮನೆ ಮಕ್ಕಳಿಗಿಂತ ಸರಾಸರಿ ಮೂರು ವರ್ಷಕ್ಕಿಂತ ಜಾಸ್ತಿ ಓದ್ಕೊಂಡಿದ್ರು, ಅಪ್ಪ ಅಮ್ಮನ ವಿದ್ಯೆ, ಕೆಲಸ ಎಲ್ಲಾ ಲೆಕ್ಕಕ್ಕೆ ಹಿಡಿದ ಮೇಲೂನೂ. ಹಾಗಂತ ನಾಳೆನೇ 500 ಪುಸ್ತಕ ತಂದು ಜೋಡಿಸಿಟ್ರೆ ಆಯ್ತು ಅಂತಲ್ಲ. ಚೆನ್ನಾಗಿ ಓದೋ ಅಪ್ಪ ಅಮ್ಮನ ಮಕ್ಕಳು ಚೆನ್ನಾಗಿ ಓದೋದರಲ್ಲಿ ವಂಶದಿಂದ ಬಂದಿದ್ದೂ ಒಂದು ಪಾಲಿದೆ, ನೆದರ್ಲೆಂಡ್ಸ್‌ನಲ್ಲಿ ಇದರ ಬಗ್ಗೇನೇ ಕೆಲಸ ಮಾಡಿದವರಿದ್ದಾರೆ. ಅವರ ಲೆಕ್ಕದಲ್ಲೂ ಮನೇಲಿರೋ ಪುಸ್ತಕಗಳ ಸಂಖ್ಯೆ ಮಾತ್ರ ತನ್ನದೇ ಆದ ಪ್ರಭಾವ ಉಳಿಸ್ಕೊಂಡಿತ್ತು. ವಂಶ ನಮ್ಮ ಕೈಲಿಲ್ಲ, ಪುಸ್ತಕ ನಮ್ಮ ಕೈಲಿದೆ.

ಹಂತ 1: ಮಗೂನ ಬಿಟ್ಬಿಡಿ, ಮೊದಲು ನೀವು ಓದಿ

ಇದನ್ನ ಹೇಳಿದಾಗ ತುಂಬಾ ಜನ ಮುಖ ಸಣ್ಣ ಮಾಡ್ಕೋತಾರೆ. ಟೈಮ್ ಎಲ್ಲಿದೆ ಅಂತಾರೆ. ಔಟರ್ ರಿಂಗ್ ರೋಡ್ ಟ್ರಾಫಿಕ್ಕಲ್ಲಿ ದಿನಾ ಒಂದೂವರೆ ಗಂಟೆ ಕೂತು ಬಂದವರಿಗೆ ಪುಸ್ತಕ ಹಿಡಿ ಅನ್ನೋಕೆ ನನಗೂ ಮನಸ್ಸು ಬರಲ್ಲ. ಅದಕ್ಕೇ ಹದಿನೈದೇ ನಿಮಿಷ ಅಂತೀನಿ, ಆದ್ರೆ ಮೂರು ಷರತ್ತು.

ಮಗು ಎದ್ದಿರೋವಾಗಲೇ ಓದ್ಬೇಕು. ಮಲಗಿಸಿ ಆಮೇಲೆ ಓದಿದ್ರೆ ನಿಮಗೆ ಒಳ್ಳೇದು, ಮಗುಗೆ ಅದು ಕಾಣಲೇ ಇಲ್ಲ. ಎರಡನೇದು, ಕಾಗದದ ಪುಸ್ತಕಾನೇ ಆಗ್ಬೇಕು. ನೀವು ಫೋನಲ್ಲಿ ಎಷ್ಟೇ ಒಳ್ಳೇ ಲೇಖನ ಓದ್ತಿರಿ, ಆ ಕಡೆಯಿಂದ ನೋಡೋ ಮಗುಗೆ ನೀವು ರೀಲ್ಸ್ ನೋಡ್ತಿರೋದೂ ಓದ್ತಿರೋದೂ ಒಂದೇ ಥರ ಕಾಣುತ್ತೆ, ಪುಸ್ತಕ ಹಿಡಿದ್ರೆ ಆ ಗೊಂದಲ ಇಲ್ಲ. ಮೂರನೇದು, ನಿಮಗೆ ಇಷ್ಟ ಆಗೋದನ್ನ ಓದಿ. ಮಗುಗೆ ಮಾದರಿ ಆಗ್ಬೇಕು ಅಂತ ದಪ್ಪ ದಪ್ಪ ಗ್ರಂಥ ಹಿಡ್ಕೊಂಡು ಆಕಳಿಸ್ತಾ ಕೂತ್ರೆ ಮಗು ಕಲಿಯೋದು ಆಕಳಿಕೇನೇ. ಪತ್ತೇದಾರಿ ಕಾದಂಬರಿ ಇಷ್ಟಾನಾ, ಅದೇ ಓದಿ. ಕ್ರಿಕೆಟ್ ಪುಟ ಇಷ್ಟಾನಾ, ಅದೇ. ನಗು ಬಂದ್ರೆ ಜೋರಾಗಿ ನಕ್ಕುಬಿಡಿ, "ಏನಮ್ಮ, ಏನಾಯ್ತು" ಅಂತ ಓಡಿ ಬರ್ತಾವೆ.

ಎಸ್ಸೆಸ್ಸೆಲ್ಸಿ ಆದ್ಮೇಲೆ ಕನ್ನಡ ಪುಸ್ತಕಾನೇ ಮುಟ್ಟಿಲ್ಲ, ಈಗ ಓದೋಕೆ ಹೋದ್ರೆ ಒತ್ತಕ್ಷರಕ್ಕೆಲ್ಲಾ ತಡವರಿಸ್ತೀನಿ ಅನ್ನೋರು ನಮ್ಮ ಆಫೀಸಲ್ಲೇ ಎಷ್ಟೋ ಜನ ಇದಾರೆ. ನನಗೂ ಹಾಗೇ ಆಗಿತ್ತು, ಹತ್ತು ವರ್ಷ ಬರೀ ಇಂಗ್ಲಿಷ್ ಮೇಲ್ ಓದಿ ಓದಿ. ಭಾನುವಾರದ ಪೇಪರಿನ ಪುರವಣಿಯಿಂದ ಶುರು ಮಾಡಿ, ಒಂದು ಪುಟ ಸಾಕು. ಎರಡು ಮೂರು ವಾರದಲ್ಲಿ ಕಣ್ಣು ಮತ್ತೆ ಓಡೋಕೆ ಶುರುವಾಗುತ್ತೆ.

ಮನೇಲಿ ಒಬ್ಬರು ಓದಿದ್ರೆ ಸಾಕಾ ಅಂತ ಕೇಳ್ತಾರೆ. ಸಾಕು. ಆದ್ರೆ ಅಪ್ಪಂದಿರಿಗೆ ಒಂದು ಮಾತು, ಎಷ್ಟೋ ಮನೇಲಿ ಕಥೆ ಓದೋದು ಅಮ್ಮ ಅಥವಾ ಅಜ್ಜಿ ಮಾತ್ರ, ಅಪ್ಪ ಪುಸ್ತಕ ಹಿಡಿದಿದ್ದೇ ಮಗು ನೋಡಿರಲ್ಲ. ನನಗೆ ಓದಿನ ಹುಚ್ಚು ಹತ್ತಿಸಿದ್ದು ನಮ್ಮಪ್ಪ, ಅದಕ್ಕೇ ಹೇಳ್ತಿರೋದು.

ಹಂತ 2: ಪುಸ್ತಕ ಕೈಗೆ ಎಟುಕೋ ಹಾಗೆ ಇಡಿ

ಗಾಜಿನ ಶೋಕೇಸಲ್ಲಿ ಬೀಗ ಹಾಕಿ ಇಟ್ಟ ಪುಸ್ತಕ ಲೆಕ್ಕಕ್ಕಿಲ್ಲ. ಮಗು ನೆಲದ ಮೇಲೆ ಕೂತಾಗ ಅದರ ಕೈಗೆ ಸಿಗೋ ಎತ್ತರದಲ್ಲಿ ಇಡಿ, ಮುಖಪುಟ ಕಾಣೋ ಹಾಗೆ. ನಾವು ಹಣ್ಣಿನ ಪ್ಲಾಸ್ಟಿಕ್ ಕ್ರೇಟ್ ಒಂದನ್ನ ತೊಳೆದು ಹಾಲ್ ಮೂಲೇಲಿ ಇಟ್ವಿ, ಇವತ್ತಿಗೂ ಅದೇ ಇದೆ. ಹರಿದ್ರೆ ಹರೀಲಿ. ಮಗ ಒಂದು ವರ್ಷದವನಿದ್ದಾಗ ಒಂದು ಪುಸ್ತಕದ ಆನೆ ಸೊಂಡಿಲನ್ನ ಪೂರ್ತಿ ತಿಂದಿದ್ದ, ಬೈಯ್ಯೋ ಬದ್ಲು ಟೇಪ್ ಹಾಕಿದ್ವಿ.

ದುಡ್ಡಿನ ಬಗ್ಗೆ. ಮಕ್ಕಳ ಪುಸ್ತಕ ಅಂದ್ರೆ 400, 500 ರೂಪಾಯಿ ಅನ್ನೋ ಭಯ ಬೇಡ. 2004ರಲ್ಲಿ ನಮ್ಮ ಬೆಂಗಳೂರಲ್ಲೇ ಶುರುವಾದ ಪ್ರಥಮ್ ಬುಕ್ಸ್‌ನವರ ಪುಸ್ತಕಗಳು ಕಡಿಮೆ ಬೆಲೆಗೆ ಸಿಗ್ತವೆ, ಕನ್ನಡದಲ್ಲೂ ಇವೆ. ಅವರೇ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟಲ್ಲಿ ಕನ್ನಡ ಕಥೆಗಳು ಪೂರ್ತಿ ಉಚಿತ, ನಾಲ್ಕು ಹಂತದಲ್ಲಿ ಜೋಡಿಸಿದಾರೆ, ಮೊದಲನೇ ಹಂತದಲ್ಲಿ ಪುಟಕ್ಕೆ ಒಂದೋ ಎರಡೋ ಸಾಲು. ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದು ಹೊಲಿದ್ರೆ ನಮ್ಮಪ್ಪನ ಬೈಂಡಿನ ಥರಾನೇ ಆಗುತ್ತೆ, ಮಗು ಕೈಲೇ ಅಂಟು ಹಚ್ಚಿಸಿ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳೂ ಅಗ್ಗ. ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕ ಮಳಿಗೆಗಳು ಇದ್ದೇ ಇವೆ, ನವೆಂಬರ್ ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕಗಳಿಗೆ ಡಿಸ್ಕೌಂಟ್ ಸಿಗುತ್ತೆ, ವರ್ಷದ ಖರೀದಿ ಆಗ ಇಟ್ಕೊಳ್ಳಿ. ಸೆಕೆಂಡ್ ಹ್ಯಾಂಡ್ ಬೇಕಂದ್ರೆ ಅವೆನ್ಯೂ ರೋಡು, ಇಂಗ್ಲಿಷ್ ಪುಸ್ತಕ ಬೇಕಂದ್ರೆ ಚರ್ಚ್ ಸ್ಟ್ರೀಟು.

ಇನ್ನು ಲೈಬ್ರರಿ. ನಿಮ್ಮ ಆಸ್ತಿ ತೆರಿಗೆ ರಸೀತಿ ಬಿಚ್ಚಿ ನೋಡಿ, ತೆರಿಗೆ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಅಂತ ನೀವು ವರ್ಷಾ ವರ್ಷಾ ಕಟ್ತಾ ಇದೀರಾ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು ಅದು. ಬಾಡಿಗೆ ಮನೆಯವರೂ ಓನರ್ ಮೂಲಕ ಒಂದು ರೀತೀಲಿ ಕಟ್ತಾನೇ ಇದೀವಿ. ಅಂದ ಮೇಲೆ ಏರಿಯಾ ಶಾಖಾ ಗ್ರಂಥಾಲಯಕ್ಕೆ ಹೋಗಿ ಮೆಂಬರ್ ಆಗೋದು ನಮ್ಮ ಹಕ್ಕು. ಹೋದ್ರೆ ಪೇಪರ್ ಓದೋ ತಾತಂದಿರೇ ಜಾಸ್ತಿ ಇರ್ತಾರೆ, ಮಕ್ಕಳ ಪುಸ್ತಕ ಎಲ್ಲೋ ಹಿಂದಿನ ಬೀರೂಲಿ ಇರುತ್ತೆ, ಕೇಳಿ ತೆಗೆಸ್ಬೇಕು. ಕೇಳೋರು ಜಾಸ್ತಿ ಆದ್ರೆ ತಾನೇ ಮುಂದಿನ ಬೀರೂಗೆ ಬರೋದು! ರಜದ ದಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೆ ಒಂದ್ಸಲ ಕರ್ಕೊಂಡು ಹೋಗಿ, ಮಗು ತಲೆ ಎತ್ತಿ ಆ ಕಪಾಟುಗಳನ್ನ ನೋಡೋದನ್ನ ನೀವು ನೋಡ್ಬೇಕು.

ಹಂತ 3: ಜೋರಾಗಿ ಓದಿ ಹೇಳಿ. ಇದೇ ಎಲ್ಲಕ್ಕಿಂತ ಮುಖ್ಯ

ಯಾವಾಗಿಂದ? ಹುಟ್ಟಿದಾಗಿಂದ. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ 2014ರಲ್ಲೇ ಹೇಳಿದೆ, ಹಸುಗೂಸಿಂದಲೇ ಓದಿ ಹೇಳಿ ಅಂತ. ಮೂರು ತಿಂಗಳ ಮಗುಗೆ ಏನರ್ಥ ಆಗುತ್ತೆ ಅಂತ ನಮ್ಮತ್ತೆ ಕೇಳಿದ್ರು. ಅರ್ಥ ಆಗಲ್ಲ ಅತ್ತೆ, ಆದ್ರೆ ನನ್ನ ದನಿ, ಮಡಿಲಿನ ಬಿಸಿ, ಪುಟ ತಿರುವೋ ಸದ್ದು ಮೂರೂ ಒಟ್ಟಿಗೆ ಅವನಿಗೆ ಅಭ್ಯಾಸ ಆಗುತ್ತೆ, ಲಾಲಿ ಹಾಡಿನ ಅರ್ಥ ಗೊತ್ತಾಗಿ ಮಕ್ಕಳು ಮಲಗ್ತಾವಾ ಅಂದೆ. ಆಮೇಲೆ ಅತ್ತೆನೇ ಮಧ್ಯಾಹ್ನದ ಹೊತ್ತು ಅವನನ್ನ ಕಾಲ ಮೇಲೆ ಹಾಕ್ಕೊಂಡು ಪೇಪರ್ ಜೋರಾಗಿ ಓದೋಕೆ ಶುರು ಮಾಡಿದ್ರು.

ಕನ್ನಡಕ್ಕೆ ಇದು ಇಂಗ್ಲಿಷ್‌ಗಿಂತಾನೂ ಜಾಸ್ತಿ ಬೇಕು ಅಂತ ನನಗೆ ಅನ್ಸುತ್ತೆ, ಯಾಕೆ ಅಂದ್ರೆ ನಾವು ಮಾತಾಡೋ ಕನ್ನಡ ಬೇರೆ ಪುಸ್ತಕದ ಕನ್ನಡ ಬೇರೆ. ಮನೇಲಿ 'ಹೋಗ್ತಿದ್ದ' ಅಂತೀವಿ, ಪುಸ್ತಕದಲ್ಲಿ 'ಹೋಗುತ್ತಿದ್ದನು' ಅಂತಿರುತ್ತೆ. ನಾವು 'ಅದಕ್ಕೇ' ಅಂದ್ರೆ ಪುಸ್ತಕ 'ಆದ್ದರಿಂದ' ಅನ್ನುತ್ತೆ. ಮನೆಮಾತು ಕನ್ನಡ ಇರೋ ಮಗೂನೂ ಸ್ಕೂಲಿಗೆ ಹೋಗಿ ಪಾಠ ತೆಗೆದಾಗ ಇದ್ಯಾವ ಭಾಷೆ ಅಂತ ತಬ್ಬಿಬ್ಬಾಗುತ್ತೆ, ಅಕ್ಷರ ಎಲ್ಲಾ ಬಂದ್ರೂ. ಕಿವಿಗೆ ಮೊದಲೇ ಆ ಕನ್ನಡ ಬಿದ್ದಿದ್ರೆ ಈ ತೊಂದರೆ ಇರಲ್ಲ.

ನಾನು ಮೊದಮೊದಲು ಇದು ಗೊತ್ತಿಲ್ಲದೆ ಓದ್ತಾ ಓದ್ತಾ ಎಲ್ಲಾನೂ ಆಡುಮಾತಿಗೆ ತಿರುಗಿಸಿ ಹೇಳ್ತಿದ್ದೆ, ಅವನಿಗೆ ಸುಲಭ ಆಗ್ಲಿ ಅಂತ. ಒಂದು ರಾತ್ರಿ ನನ್ನ ಯಜಮಾನರು ಇದ್ದ ಹಾಗೇ ಓದಿಬಿಟ್ಟಿದ್ರು. ಮಾರನೇ ದಿನ ನಾನು "ನರಿ ಕಾಡಿಗೆ ಹೋಗ್ತಿತ್ತು" ಅಂದೆ, ಮಗ ಮೂರೂವರೆ ವರ್ಷದವನು, ಪುಸ್ತಕದ ಮೇಲೆ ಕೈ ಇಟ್ಟು ನಿಲ್ಲಿಸಿ, "ಹೋಗ್ತಿತ್ತು ಅಲ್ಲಮ್ಮ, ಹೋ-ಗು-ತ್ತಿ-ತ್ತು" ಅಂತ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಅವತ್ತಿಂದ ಇದ್ದದ್ದನ್ನ ಇದ್ದ ಹಾಗೇ ಓದ್ತೀನಿ, ಅರ್ಥ ಆಗದಿದ್ರೆ ಆಮೇಲೆ ನಮ್ಮ ಮಾತಲ್ಲಿ ಹೇಳ್ತೀನಿ. ನೀವೂ ಹಾಗೇ ಮಾಡಿ.

ಓದೋ ಕ್ರಮ ಹೇಗೆ ಅಂದ್ರೆ, ಮಗೂನ ಮಡಿಲಲ್ಲೋ ಪಕ್ಕದಲ್ಲೋ ಕೂರಿಸ್ಕೊಳ್ಳಿ, ಎದುರಿಗೆ ಬೇಡ, ಇಬ್ಬರಿಗೂ ಪುಟ ನೇರ ಕಾಣ್ಬೇಕು. ಸಾಲಿನ ಕೆಳಗೆ ಆಗಾಗ ಬೆರಳು ಓಡಿಸಿ. ಮಧ್ಯೆ ಮಧ್ಯೆ ನಿಲ್ಲಿಸಿ ಮಾತಾಡಿಸಿ. ಈ ಮಾತಾಡಿಸೋದು ಸಣ್ಣ ವಿಷಯ ಅಲ್ಲ, 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಜೊತೆಯವರು ಎರಡು, ಎರಡೂವರೆ ವರ್ಷದ ಮಕ್ಕಳ ಅಪ್ಪ ಅಮ್ಮಂದಿರಿಗೆ ಹೀಗೆ ಪ್ರಶ್ನೆ ಕೇಳ್ತಾ ಓದೋದನ್ನ ಕಲಿಸಿ ನೋಡಿದ್ರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಸುಮ್ಮನೆ ಓದಿಸ್ಕೊಂಡ ಮಕ್ಕಳಿಗಿಂತ ಎಷ್ಟೋ ತಿಂಗಳು ಮುಂದೆ ಹೋಗಿತ್ತು.

ನಮ್ಮನೇಲಿ ಒಂದು ಪುಸ್ತಕದಲ್ಲಿ ಬಾಳೆಹಣ್ಣಿನ ಗಾಡಿ ಮೇಲೆ ಕೋತಿ ಕೂತಿರೋ ಚಿತ್ರ ಇತ್ತು.

"ಕೋತಿ ಏನ್ ಮಾಡ್ತಿದೆ ಪುಟ್ಟ?"

"ಬಾಳೆಹಣ್ಣು."

"ಹೂಂ, ಬಾಳೆಹಣ್ಣು ಕದೀತಿದೆ. ಗಾಡಿಯವರು ಎಲ್ಲಿ ನೋಡ್ತಿದಾರೆ?"

"ಆ ಕಡೆ ನೋಡ್ತಿದಾರೆ, ಕೋತಿ ಕದೀತಿದೆ. ಅಮ್ಮ, ಗಾಡಿ ಅಂಕಲ್ ಮನೆಗೆ ಏನ್ ತಗೊಂಡು ಹೋಗ್ತಾರೆ ಈಗ?"

ನೋಡಿ, ಒಂದೇ ಪದ ಹೇಳಿದ್ದ ಮಗು ಎರಡು ನಿಮಿಷಕ್ಕೆ ಪೂರ್ತಿ ವಾಕ್ಯ ಹೇಳಿ, ಪುಸ್ತಕದಲ್ಲಿ ಇಲ್ಲದೇ ಇರೋದನ್ನ ಯೋಚನೆ ಮಾಡ್ತು. ನೀವು ಮಾಡ್ಬೇಕಾಗಿದ್ದು ಇಷ್ಟೇ, ಅದು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸಿ ವಾಪಸ್ ಹೇಳೋದು, ಹೌದು ಇಲ್ಲ ಅಂತ ಮುಗಿದುಹೋಗೋ ಪ್ರಶ್ನೆ ಕಮ್ಮಿ ಮಾಡೋದು. ಪ್ರತೀ ಪುಟಕ್ಕೂ ಕೇಳ್ಬೇಡಿ, ಕಥೆ ರುಚಿ ಕೆಡುತ್ತೆ. ಮತ್ತೆ ಕಥೆ ಮುಗಿದ ತಕ್ಷಣ "ಈ ಕಥೆಯ ನೀತಿ ಏನು?" ಅಂತ ಮಾತ್ರ ದಯವಿಟ್ಟು ಕೇಳ್ಬೇಡಿ.

ಒಂದೇ ಪುಸ್ತಕ ನಲವತ್ತು ಸಲ ಓದಿಸ್ಕೊಳ್ತಾರೆ, ಓದಿ. ಬೇಜಾರಾಗುತ್ತೆ ಗೊತ್ತು. ಆದ್ರೆ ಮೊದಲ ಸಲ ಕಥೆ, ಐದನೇ ಸಲ ಪದ, ಇಪ್ಪತ್ತನೇ ಸಲಕ್ಕೆ ಆ ಪದ ಪುಟದಲ್ಲಿ ಎಲ್ಲಿದೆ ಅನ್ನೋದು ಅವರಿಗೆ ಸಿಗ್ತಾ ಹೋಗುತ್ತೆ. ಸಮಯ ರಾತ್ರಿ ಮಲಗೋ ಮುಂಚೆ ಸರಿಹೋಗುತ್ತೆ, ನಿಮಗೆ ನೈಟ್ ಶಿಫ್ಟ್ ಇದ್ರೆ ಬೆಳಗ್ಗೆ ಹಾಲು ಕುಡಿಯೋವಾಗ, ಒಟ್ನಲ್ಲಿ ದಿನಾ ಒಂದೇ ಹೊತ್ತು.

ಹಂತ 4: ಅಕ್ಷರ, ಅವಸರ ಮಾಡದೆ

ಇಲ್ಲಿ ನಾನು ಮಾಡಿದ ತಪ್ಪು ಹೇಳ್ಬೇಕು. ಯುಕೆಜಿಲಿದ್ದಾಗ ಸ್ಕೂಲಿಂದ ಕರೆದು ಕನ್ನಡದಲ್ಲಿ ಹಿಂದೆ ಇದಾನೆ ಅಂದ್ರು. ನನಗೆ ಅವಮಾನ ಆದಂಗಾಯ್ತು, ಇಷ್ಟು ಓದೋ ಮನೇಲಿ ಹೀಗಾ ಅಂತ. ಆಫೀಸಿಂದ ಬಂದು ದಿನಾ ರಾತ್ರಿ ಕಾಗುಣಿತ ಮೂರು ಮೂರು ಸಲ ಬರೆಸಿದೆ, ಒಂದು ತಿಂಗಳು. ಒಂದಿನ ಮನೆ ಗುಡಿಸೋವಾಗ ದಿವಾನ್ ಕಾಟ್ ಕೆಳಗೆ ನೋಡಿದ್ರೆ ಕಾಪಿ ಬುಕ್ಕಿನ ಜೊತೆ ಅವನ ಇಷ್ಟದ ಕಥೆ ಪುಸ್ತಕಗಳನ್ನೂ ಸೇರಿಸಿ ಗೋಡೆ ಮೂಲೆಗೆ ತಳ್ಳಿ ಬಚ್ಚಿಟ್ಟಿದ್ದ. ಎರಡೂ ಒಂದೇ ಆಗಿಬಿಟ್ಟಿತ್ತು ಅವನಿಗೆ. ಅವತ್ತು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಬರೆಸೋದು ನಿಲ್ಲಿಸಿದೆ, ಕಥೆ ಮಾತ್ರ ಉಳಿಸ್ಕೊಂಡೆ.

ಆಮೇಲೆ ಓದಿ ತಿಳ್ಕೊಂಡಿದ್ದು. ಇಂಗ್ಲಿಷ್ ಮಗು 26 ಅಕ್ಷರ ಕಲಿತ್ರೆ ಆಕಾರಗಳ ಕೆಲಸ ಹೆಚ್ಚುಕಮ್ಮಿ ಮುಗೀತು. ನಮ್ಮಲ್ಲಿ 49 ಅಕ್ಷರ, ಅದರಲ್ಲಿ 34 ವ್ಯಂಜನಕ್ಕೆ ಕಾಗುಣಿತದ 15 ರೂಪ ಅಂದ್ರೆ 510 ಆಯ್ತು, ಇನ್ನೂ ಒತ್ತಕ್ಷರ ಲೆಕ್ಕಕ್ಕೇ ತಗೊಂಡಿಲ್ಲ. ಬೆಂಗಳೂರಲ್ಲಿ ಕನ್ನಡ ಓದೋ ಮಕ್ಕಳ ಮೇಲೆ ಕೆಲಸ ಮಾಡಿದ ಸೊನಾಲಿ ನಾಗ್ ಅವರ 2007ರ ಅಧ್ಯಯನದಲ್ಲಿ, ಅಕ್ಷರಗಳು ಪೂರ್ತಿ ಕೈಗೆ ಹತ್ತೋದು ನಾಲ್ಕನೇ ಕ್ಲಾಸ್‌ವರೆಗೂ ನಡೀತಾನೇ ಇರುತ್ತೆ ಅಂತ ಕಂಡುಬಂತು. ಅಂದ್ರೆ ಯುಕೆಜಿ ಮಗು ಹಿಂದೆ ಇದೆ ಅಂತ ತಲೆ ಕೆಡಿಸ್ಕೊಳ್ಳೋದು ಎಷ್ಟು ಅನ್ಯಾಯ! ಒಂದು ಸಮಾಧಾನ ಏನಂದ್ರೆ ನಮ್ಮ ಅಕ್ಷರ ಒಂದ್ಸಲ ಬಂದ್ರೆ ಮೋಸ ಮಾಡಲ್ಲ, ಬರೆದಿದ್ದನ್ನೇ ಓದೋದು.

ಮನೇಲಿ ಏನು ಮಾಡ್ಬಹುದು ಅಂದ್ರೆ, ಮಗು ಹೆಸರಿಂದ ಶುರು ಮಾಡಿ, ಅ ಆ ಇ ಈ ಕ್ರಮದಲ್ಲೇ ಹೋಗ್ಬೇಕು ಅಂತೇನಿಲ್ಲ. ನಮ್ಮ ಸರ್ಕಾರಿ ಪಠ್ಯದಲ್ಲೇ ರ ಗ ಸ ದ ಅ ಅಂತ ಬರೆಯೋಕೆ, ಪದ ಕಟ್ಟೋಕೆ ಸುಲಭ ಇರೋದನ್ನ ಮೊದಲು ಇಟ್ಟಿದ್ರು. ಆಮೇಲೆ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಅಂತ ಚೀಟಿ ಬರೆದು ಅವರವರ ತಟ್ಟೆ ಪಕ್ಕ ಇಡೋ ಆಟ ಆಡಿ. ಗಮನಿಸಿ, ಎಲ್ಲದರಲ್ಲೂ ಒತ್ತಕ್ಷರ ಇದೆ, ಆದ್ರೂ ಮಕ್ಕಳು ಪಟ್ ಅಂತ ಗುರುತಿಸ್ತಾರೆ, ಅವರ ಪ್ರೀತಿಯ ಪದ ಅಲ್ವಾ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ಥರಾನೇ ಇರ್ತವೆ, ತಲೆಕಟ್ಟು ಮಾತ್ರ ಇರಲ್ಲ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಪೂರ್ತಿ ಬೇರೆ ರೂಪ, ಅವನ್ನ ಬೇರೆಯಾಗೇ ತೋರಿಸಿ: ಕತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಪ-ಷ, ಬ-ಭ, ದ-ಧ ಅದಲು ಬದಲು ಮಾಡಿದ್ರೆ ಗದರಬೇಡಿ, ಆಕಾರದಲ್ಲಿ ಒಂದು ಗೀಟಿನ ವ್ಯತ್ಯಾಸ ಅಷ್ಟೇ.

ಮತ್ತೆ ನಮ್ಮ ಊರಿನ ಬೀದಿಗಳೇ ದೊಡ್ಡ ಪುಸ್ತಕ. 2024ರ ತಿದ್ದುಪಡಿ ಆದ್ಮೇಲೆ ಅಂಗಡಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು, ಹಾಗಾಗಿ ಸ್ಕೂಟರಲ್ಲಿ ಮುಂದೆ ನಿಂತ ಮಗುಗೆ ಈಗ ಕಣ್ಣು ಹಾಯಿಸಿದ ಕಡೆಯೆಲ್ಲಾ ಕನ್ನಡ. ನನ್ನ ಮಗ ಯಾರ ಸಹಾಯಾನೂ ಇಲ್ಲದೆ ಓದಿದ ಮೊದಲ ಪದ 'ಬೇಕರಿ'. ಸಿಗ್ನಲಲ್ಲಿ ನಿಂತಿದ್ವಿ, ಬೇ... ಕ... ರಿ... ಅಂದು, ಆಮೇಲೆ ಒಂದು ಕ್ಷಣ ಸುಮ್ಮನಾಗಿ, "ಅಮ್ಮಾ ಬೇಕರಿ!" ಅಂತ ಕಿರುಚಿದ, ಪಕ್ಕದ ಆಟೋದವರೂ ತಿರುಗಿ ನೋಡಿದ್ರು. ಪಫ್ ಕೊಡಿಸ್ದೆ. ಮೆಡಿಕಲ್ಸ್, ಹೋಟೆಲ್, ಬಸ್ಸಿನ ಬೋರ್ಡು, ಗೋಡೆ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್, ಮ್ಯಾರೇಜ್ ಹಾಲ್ ಮುಂದಿನ ಹೆಸರು, ಎಲ್ಲಾ ಓದಿಸಿ.

ಹಂತ 5: ಯಾವ ಭಾಷೆ?

ನಿಮಗೆ ಯಾವ ಭಾಷೇಲಿ ಓದೋಕೆ ಖುಷಿಯೋ ಅದರಲ್ಲೇ ಶುರು ಮಾಡಿ. ಮನೆಮಾತು ತೆಲುಗು, ತಮಿಳು, ಉರ್ದು, ತುಳು, ಕೊಂಕಣಿ ಇರೋ ಎಷ್ಟೋ ಮನೆ ಇದೆ ಇಲ್ಲಿ, ಕಥೆ ಆ ಭಾಷೇಲಿ ಹೇಳಿ, ಕನ್ನಡ ಪುಸ್ತಕ ಒಂದು ಜೊತೆಗಿರ್ಲಿ. ಕಥೆ ಕೇಳಿ ಅರ್ಥ ಮಾಡ್ಕೊಳ್ಳೋ ಅಭ್ಯಾಸ ಒಂದು ಭಾಷೇಲಿ ಬಂದ್ರೆ ಇನ್ನೊಂದಕ್ಕೂ ಜೊತೆ ಬರುತ್ತೆ. ಇಂಗ್ಲಿಷ್ ಸ್ಕೂಲಲ್ಲಿ ಹೇಗಿದ್ರೂ ಬರುತ್ತೆ, ಮನೇಲಿ ಕನ್ನಡ ಬಿಟ್ರೆ ಮಾತ್ರ ಬೇರೆಲ್ಲೂ ಸಿಗಲ್ಲ, ಅದಕ್ಕೆ ನಾನು ರಾತ್ರಿ ಕನ್ನಡ ಅಂತ ಗಟ್ಟಿಯಾಗಿ ಇಟ್ಕೊಂಡಿದೀನಿ.

ಹಂತ 6: ನಿಮಗೇ ಓದೋಕೆ ಬರಲ್ಲ ಅಂದ್ರೆ

ನಮ್ಮ ಬಿಲ್ಡಿಂಗಲ್ಲಿ ಮನೆಗೆಲಸಕ್ಕೆ ಬರೋ ಅಕ್ಕ ಒಬ್ರು, ರಾಯಚೂರು ಕಡೆಯವರು, ಅಕ್ಷರ ಬರಲ್ಲ. ಮಗಳು ಎರಡನೇ ಕ್ಲಾಸು. "ನನಗೇ ಬರಲ್ಲ, ನಾನೇನ್ ಹೇಳ್ಕೊಡ್ಲಿ ಅಕ್ಕಾ" ಅಂದ್ರು. ಅವರಿಗೆ ಮೂರು ವಿಷಯ ಹೇಳಿದ್ದೆ. ಊರಿನ ಕಥೆ, ಒಗಟು, ಗಾದೆ, ಹಾಡು ನಿಮಗೆ ಬರೋದಷ್ಟೂ ಹೇಳಿ, ಪದಸಂಪತ್ತು ಅಂದ್ರೆ ಅದೇ. ಅಕ್ಷರ ಇಲ್ಲದ ಚಿತ್ರದ ಪುಸ್ತಕ ಕೊಡ್ತೀನಿ, ಇಬ್ಬರೂ ನೋಡ್ಕೊಂಡು ಕಥೆ ಕಟ್ಟಿ. ಮತ್ತೆ ರಾತ್ರಿ ರೊಟ್ಟಿ ತಟ್ಟೋವಾಗ ಮಗಳ ಕೈಲಿ ಒಂದು ಪುಟ ಓದಿಸಿ, ತಪ್ಪು ಹುಡುಕೋಕೆ ಅಲ್ಲ, ಕೇಳೋಕೆ. "ಆಮೇಲೇನಾಯ್ತು" ಅಂತ ಅವರು ಕೇಳ್ಬೇಕು, ಅಷ್ಟೇ. ಈಗ ಆ ಹುಡುಗಿ ವಾರಕ್ಕೆರಡು ಸಲ ನಮ್ಮನೆ ಕ್ರೇಟಿಂದ ಪುಸ್ತಕ ತಗೊಂಡು ಹೋಗ್ತಾಳೆ. ಹೋದ ತಿಂಗಳು ಆ ಅಕ್ಕ ತನ್ನ ಹೆಸರು ಬರೆದು ತೋರಿಸಿದ್ರು, ಮಗಳು ಹೇಳ್ಕೊಟ್ಟಿದ್ದು.

ಹಂತ 7: ತಾನೇ ಓದೋಕೆ ಬಂದ್ಮೇಲೆ ಕೈ ಬಿಡ್ಬೇಡಿ

ಏಳೆಂಟು ವರ್ಷಕ್ಕೆ ತಾನೇ ಓದುತ್ತೆ ಅಂತ ನಾವು ಓದಿ ಹೇಳೋದು ನಿಲ್ಲಿಸ್ತೀವಿ. ನಿಲ್ಲಿಸ್ಬೇಡಿ. ಅವರು ಕಣ್ಣಲ್ಲಿ ಓದಬಲ್ಲ ಪುಸ್ತಕ ಚಿಕ್ಕದು, ಕಿವೀಲಿ ಅರ್ಥ ಮಾಡ್ಕೊಳ್ಳಬಲ್ಲ ಕಥೆ ಅದಕ್ಕಿಂತ ದೊಡ್ಡದು, ಆ ದೊಡ್ಡದನ್ನ ನೀವು ಓದಿ. ಪುಸ್ತಕ ಆರಿಸೋದು ಅವರಿಗೇ ಬಿಡಿ. ಕಾಮಿಕ್ಸ್ ಆಗ್ಲಿ, ಬರೀ ಡೈನೋಸಾರ್ ಆಗ್ಲಿ. ಅರ್ಧಕ್ಕೆ ಬಿಟ್ರೂ ಸುಮ್ನಿರಿ, ನಾವು ಬಿಡಲ್ವಾ?

ಎಲ್ಲರೂ ಅವರವರ ಪುಸ್ತಕ ಹಿಡ್ಕೊಂಡು ಒಟ್ಟಿಗೆ ಸುಮ್ಮನೆ ಕೂರೋ ಹೊತ್ತು ವಾರಕ್ಕೊಂದಾದ್ರೂ ಇರ್ಲಿ. 2023ರಿಂದ ಕಬ್ಬನ್ ಪಾರ್ಕಲ್ಲಿ ಶನಿವಾರ ಬೆಳಗ್ಗೆ ಕಬ್ಬನ್ ರೀಡ್ಸ್ ಅಂತ ಜನ ಚಾಪೆ ಹಾಸ್ಕೊಂಡು ಮಾತಿಲ್ಲದೆ ಓದ್ತಾ ಕೂರ್ತಾರೆ. ಮಗನ್ನ ಕರ್ಕೊಂಡು ಹೋದಾಗ ಅವನು ಮೊದಲು ಕೇಳಿದ್ದು, "ಇವರಿಗೆಲ್ಲಾ ನಾಳೆ ಎಕ್ಸಾಮಾ?" ಇಲ್ಲ ಕಣೋ, ಇಷ್ಟಕ್ಕೆ ಓದ್ತಿದಾರೆ ಅಂದೆ. ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್ನಲ್ಲೇ ಇಳಿದ್ರಾಯ್ತು, ಒಂದು ಬೆಡ್‌ಶೀಟು, ನೀರು, ಚಕ್ಲಿ ತಗೊಂಡು ಹೋಗಿ.

ಇಷ್ಟೆಲ್ಲಾ ಮಾಡಿದ್ರೂ ಬರ್ತಿಲ್ಲ ಅಂದ್ರೆ

ನಿಮ್ಮದೂ ತಪ್ಪಲ್ಲ, ಮಗುದೂ ತಪ್ಪಲ್ಲ. ಮೊದಲು ಕಣ್ಣು, ಕಿವಿ ಟೆಸ್ಟ್ ಮಾಡಿಸಿ, ಎಷ್ಟೋ ಸಲ ಬರೀ ಕನ್ನಡಕದ ವಿಷಯ ಆಗಿರುತ್ತೆ. ಕಥೆ ಕೇಳಿ ಚೆನ್ನಾಗಿ ಅರ್ಥ ಮಾಡ್ಕೊಳ್ಳುತ್ತೆ, ಮಾತು ಚುರುಕು, ಆದ್ರೆ ಎರಡನೇ ಮೂರನೇ ಕ್ಲಾಸಿಗೆ ಬಂದ್ರೂ ಸುಲಭದ ಪದಕ್ಕೇ ಒದ್ದಾಡುತ್ತೆ, ಓದು ಅಂದ್ರೆ ಹೊಟ್ಟೆನೋವು ಅನ್ನುತ್ತೆ ಅಂದ್ರೆ ಡಿಸ್ಲೆಕ್ಸಿಯಾ ಇರ್ಬಹುದು, ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಕಲಿಕೆಯ ಈ ತೊಂದರೆಯನ್ನೂ ಸೇರಿಸಿದಾರೆ, ಆ ಹಕ್ಕು ಕೇಳೋಕೆ ನಾಚ್ಕೋಬೇಡಿ. ಅಲ್ಲಿವರೆಗೂ ಕಥೆ ಓದಿ ಹೇಳೋದು ಒಂದು ದಿನಾನೂ ತಪ್ಪಿಸ್ಬೇಡಿ, ಅಂಥ ಮಕ್ಕಳಿಗೆ ಪುಸ್ತಕದ ಜೊತೆ ಸ್ನೇಹ ಉಳಿಯೋದು ಅದೊಂದೇ ದಾರೀಲಿ.

ಹೋದ ವಾರ ಮಗ ನಮ್ಮಪ್ಪನ ಬೈಂಡುಗಳಲ್ಲಿ ಒಂದನ್ನ ತೆಗೆದ. ಅವನಿಗೆ ಅದು ಪೂರ್ತಿ ಅರ್ಥ ಆಗೋ ವಯಸ್ಸಲ್ಲ, ಆದ್ರೆ ಪುಟದ ಹಿಂದಿನ ಹಳೇ ಜಾಹೀರಾತು ನೋಡ್ತಾ ನೋಡ್ತಾ ಕಥೆಗೆ ಸಿಕ್ಕಿಹಾಕ್ಕೊಂಡ, ರಾತ್ರಿ ಊಟಕ್ಕೆ ಕರೆದ್ರೆ ಹೂಂ ಅಂತಾನೆ. ನಾಲ್ಕು ದಿನ ಆದ್ಮೇಲೆ ಅಡುಗೆಮನೆಗೆ ಬಂದು ಕೊನೇ ಪುಟ ತೋರಿಸಿ, "ಅಮ್ಮ, ಮುಂದಿನ ವಾರಕ್ಕೆ ಅಂತ ಹಾಕಿದಾರೆ, ಮುಂದಿನದು ಎಲ್ಲಿ?" ಅಂದ. ಮದುವೆಗೆ ಹೋಗಿದ್ದ ಕಥೆ ಹೇಳಿದೆ. "ಹಾಗಾದ್ರೆ ತಾತನಿಗೂ ಕೊನೆ ಗೊತ್ತಾಗ್ಲೇ ಇಲ್ವಾ?" ಇಲ್ಲ ಕಣೋ ಅಂದೆ. ಈ ಶನಿವಾರ ಕಬ್ಬನ್ ಪಾರ್ಕಿಗೆ ಹೋದವರು ಹಾಗೇ ಕೇಂದ್ರ ಗ್ರಂಥಾಲಯಕ್ಕೆ ಹೋಗಿ, ಹಳೇ ಸಂಚಿಕೆಗಳು ಇವೆಯಾ ಅಂತ ಕೇಳೋಣ ಅಂತ ಮಾತಾಡ್ಕೊಂಡಿದೀವಿ. ತಾರೀಖು ಅವನೇ ಚೀಟೀಲಿ ಬರೆದಿಟ್ಕೊಂಡಿದಾನೆ.